ಸಿ ಸಾಲಿನ ಹನ್ನೆರಡು ಮಂದಿ

ಈ ಸಲ ಆಣೆ ಮಾಡಿ ಹೇಳ್ತೀನಿ ಮಗಳೇ, ಒಂದಕ್ಷರ ಸುಳ್ಳಿಲ್ಲ. ಹೋದ ಸಲದ್ದು ಬಿಡು. ಹೋದ ಸಲ ಸ್ವಲ್ಪ ಬಣ್ಣ ಹಚ್ಚಿದ್ದೆ, ಒಪ್ಕೊಂಡೆ. ಅದರ ಹಿಂದಿನ ಸಲದ್ದೂ ಬಿಡು... ಅಯ್ಯೋ, ಹಂಗೆ ಉಸಿರು ಬಿಡಬೇಡ. ನೀನು ಒಂದೊಂದಕ್ಕೂ ಹಂಗೆ ಉಸಿರು ಬಿಡ್ತಾ ಹೋದ್ರೆ ನಾನು ಹುಟ್ಟಿದ ದಿನದವರೆಗೂ ಬಿಡ್ತಾ ಹೋಗಬೇಕಾಗುತ್ತೆ. ಇವತ್ತಿಂದು ಮಾತ್ರ ನಿಜ. ಬರ್ಕೋ.

ಬುಧವಾರ ಬೆಳಗ್ಗೆ ಎಂಟು ಗಂಟೆಗೆ, ಈ ಪ್ಲೇಟ್ ವಾಷರ್ ಮುಂದೆ, ಇದೇ ಸ್ಟೂಲಿನ ಮೇಲೆ ಕೂತು, ಹಳದಿ ಪರೀಕ್ಷೆ ಮಾಡಿದೆ. ಪುಸ್ತಕದಲ್ಲಿ ‘ಎಲ್ಲಾ ಸರಿ’ ಅಂತ ಬರೆದು ಸಹಿ ಹಾಕಿದೆ. ಅಷ್ಟೇ. ಮುಗೀತು. ವರದಿ ಆಯ್ತು, ಹೋಗಿ ಟೀ ಕುಡಿ.

ಪೆನ್ನು ಟಕ್ ಟಕ್ ಅಂತಿದೆ, ಬರೆಯೋ ಸದ್ದು ಬರ್ತಿಲ್ಲ. ಬರೀತಿಲ್ಲ ನೀನು.

ಏನು? ಮೊದಲಿಂದ ಹೇಳಬೇಕಾ? ಓದೋರಿಗೆ ಅರ್ಥ ಆಗಬೇಕು ಅಂತೀಯ. ಅದೂ ಸರೀನೇ. ಮೇಲಿನ ಕಮಿಟಿಯವರಿಗೆ ವಾಷರ್ ಅಂದ್ರೆ ಬಟ್ಟೆ ಒಗೆಯೋ ಮಿಷನ್ನು. ಹೋದ ವರ್ಷ ಅವರಲ್ಲೊಬ್ಬರು ಇದರ ಮುಂದೆ ನಿಂತು ‘ಇದರಲ್ಲಿ ಒಂದು ಸಲಕ್ಕೆ ಎಷ್ಟು ಕೋಟು ಹಿಡಿಯುತ್ತೆ’ ಅಂತ ಕೇಳಿದ್ರು. ನನ್ನಾಣೆಗೂ ಕೇಳಿದ್ರು... ಸರಿ, ಕೇಳಲಿಲ್ಲ. ಆದ್ರೆ ಕೇಳೋ ಥರದ ಮುಖ ಇತ್ತು.

ಹಾಗಾದ್ರೆ ಮಗೂಗೆ ಹೇಳೋ ಹಾಗೆ ಹೇಳ್ತೀನಿ, ಬರ್ಕೋ. ಅಂಗೈ ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ತೊಂಬತ್ತಾರು ಪುಟ್ಟ ಕುಳಿ. ಎ ಇಂದ ಎಚ್ ತನಕ ಎಂಟು ಸಾಲು, ಸಾಲಿಗೆ ಹನ್ನೆರಡು. ಒಂದೊಂದು ಕುಳೀಲಿ ಒಬ್ಬೊಬ್ಬರ ರಕ್ತದ ತಿಳಿ. ಅದಕ್ಕೊಂದು ಔಷಧ ಹಾಕೋದು, ತೊಳೆಯೋದು, ಇನ್ನೊಂದು ಹಾಕೋದು, ಮತ್ತೆ ತೊಳೆಯೋದು. ಕಾಯಿಲೆ ಇದ್ದವರ ಕುಳಿ ಕೊನೇಲಿ ಬಣ್ಣ ತಿರುಗುತ್ತೆ, ಇಲ್ಲದವರದ್ದು ನೀರಿನ ಹಾಗೇ ಇರುತ್ತೆ. ತೊಳೆದದ್ದು ಸರಿಹೋಗದೆ ಒಳಗೆ ಚೂರು ಉಳೀತು ಅಂದ್ರೆ? ಇಲ್ಲದವರದ್ದೂ ತಿರುಗುತ್ತೆ. ತೊಳೆಯೋ ಕೆಲಸ ಈ ವಾಷರಿಂದು. ಎಂಟು ಸೂಜಿ ನೀರು ಬಿಡುತ್ತೆ, ಎಂಟು ಸೂಜಿ ಹೀರುತ್ತೆ, ಸಾಲಿಗೊಂದರಂತೆ. ಆ ನೀರಲ್ಲಿ ಉಪ್ಪಿದೆ. ಸಂಜೆ ಮನೆಗೆ ಹೋಗೋ ಮುಂಚೆ ಬರೀ ನೀರು ಹಾಯಿಸಿ ಸೂಜಿ ತೊಳೀಬೇಕು. ತೊಳೀದೆ ಹೋದ್ರೆ ಬೆಳಗ್ಗೆ ಹೊತ್ತಿಗೆ ಆ ಸಣ್ಣ ತೂತಲ್ಲಿ ಉಪ್ಪು ಕಟ್ಕೊಂಡು, ಬಾಡಿಗೆದಾರನ ಹಾಗೆ ಕೂತಿರುತ್ತೆ, ಎದ್ದು ಹೋಗು ಅಂದ್ರೂ ಹೋಗಲ್ಲ.

ಅದಕ್ಕೇ ಹಳದಿ ಪರೀಕ್ಷೆ. ತೊಂಬತ್ತಾರು ಕುಳೀಗೂ ಹಳದಿ ಬಣ್ಣದ ನೀರು ತುಂಬಿಸಿ, ಮಿಷನ್ನಿಗೆ ಕೊಟ್ಟು ತೊಳೆಸಿ, ತಟ್ಟೇನ ಬಿಳೀ ಕಾಗದದ ಮೇಲಿಟ್ಟು ನೋಡೋದು. ಎಲ್ಲಾದ್ರೂ ಹಳದಿ ಉಳಿದಿದ್ರೆ ಆ ಸಾಲಿನ ಸೂಜಿ ಹೀರ್ತಿಲ್ಲ ಅಂತ ಅರ್ಥ. ಇದಕ್ಕಿಂತ ಸುಲಭದ ಕೆಲಸ ಇಡೀ ಆಸ್ಪತ್ರೇಲಿಲ್ಲ. ಕತ್ತೇನೂ ಮಾಡುತ್ತೆ ಅಂತ ಹೊಸಬರಿಗೆಲ್ಲ ನಾನೇ ಹೇಳ್ತಿದ್ದೆ. ಈಗ ನೋಡಿದ್ರೆ ಕತ್ತೆಗಳು ಬೇಸರ ಮಾಡ್ಕೊಂಡಿರಬೇಕು.

ನಕ್ಕೆ ನೀನು. ಮೂಗಲ್ಲಿ ನಕ್ರೂ ಅದು ನಗೂನೇ.

ನಲವತ್ತೈದು ವರ್ಷ ಆಯ್ತು ನಾನು ಈ ಕೆಲಸಕ್ಕೆ ಸೇರಿ... ಮೂವತ್ತಾರು. ರಿಟೈರಾದ ಮೇಲಿನ ಆರೂ ಸೇರಿಸಿ ಮೂವತ್ತಾರು, ಆಯ್ತಾ? ನಿನಗೆ ಚಿಕ್ಕಂದಿನಲ್ಲಿ ಮಗ್ಗಿ ಕಲಿಸಿದ್ದೇ ನನ್ನ ತಪ್ಪು. ನಿಮ್ಮಪ್ಪ ಅವತ್ತೇ ಅಂದಿದ್ದ, ‘ಅಣ್ಣಾ, ಇವಳಿಗೆ ಜಾಸ್ತಿ ಕಲಿಸಬೇಡ, ಒಂದಿನ ನಿನ್ನ ಮೇಲೇ ತಿರುಗ್ತಾಳೆ’ ಅಂತ. ನನ್ನ ತಮ್ಮ ಜೀವಮಾನದಲ್ಲಿ ಹೇಳಿದ ಒಂದೇ ಒಂದು ನಿಜ ಅದು. ಈಗ ನೀನು ಈ ಲ್ಯಾಬಿಗೆ ಇನ್‌ಚಾರ್ಜು, ನಾನು ವರ್ಷಕ್ಕೊಂದು ಅರ್ಜಿ ಹಾಕಿ ‘ಇರ್ಲಿ ಬಿಡಿ, ವಾಷರ್ ನೋಡ್ಕೊಂಡಿರ್ತಾರೆ’ ಅನ್ನಿಸ್ಕೊಂಡಿರೋ ಮುದುಕ. ಮೇಡಂ ಅನ್ನಬೇಕೋ ಮಗಳೇ ಅನ್ನಬೇಕೋ ಹೇಳಿಬಿಡು. ಶನಿವಾರದಿಂದ ನೀನು ನನ್ನ ದೊಡ್ಡಪ್ಪ ಅಂತ ಕರೆದೇ ಇಲ್ಲ.

ಈ ಮಿಷನ್ನು ಬಂದಾಗ ಜೊತೇಲಿ ಒಬ್ಬ ಎಂಜಿನಿಯರ್ ಬಂದಿದ್ದ. ಆರಡಿ ಎರಡಿಂಚು. ಮೂರು ದಿನ ಒದ್ದಾಡಿದ, ವಾಷರ್ ಹೀರ್ತಾನೇ ಇಲ್ಲ. ಪಂಪು ಬಿಚ್ಚಿದ, ಪೈಪು ಬಿಚ್ಚಿದ, ಕೊನೆಗೆ ತನ್ನ ಟೈ ಬಿಚ್ಚಿದ. ನಾನು ಆ ಮೂಲೇಲಿ ಕೂತಿದ್ದವನು ಅಂದೆ, ‘ಸ್ವಾಮಿ, ಸುಯ್ ಅಂತಿರೋದು ಕೇಳಿಸ್ತಿಲ್ವಾ? ಕೊಳೆ ನೀರಿನ ಬಾಟ್ಲಿ ಮುಚ್ಚಳ ಬಿಗಿಯಿಲ್ಲ, ಗಾಳಿ ಸೋರ್ತಿದೆ’ ಅಂತ. ಹೋಗಿ ಮುಚ್ಚಳ ಅರ್ಧ ಸುತ್ತು ತಿರುಗಿಸಿದೆ. ಹೀರ್ತು! ಆ ಆರಡಿ ಮನುಷ್ಯ ನನ್ನ ಮುಂದೆ ಮಂಡಿ ಊರಿಬಿಟ್ಟ... ಯಾಕೆ ನಗ್ತೀಯಾ? ಊರಿದ್ದು ನಿಜ. ಅವನ ಸ್ಕ್ರೂ ಒಂದು ಮೇಜಿನ ಕೆಳಗೆ ಉರುಳಿತ್ತು, ಹುಡುಕೋಕೆ ಊರಿದ. ಆದ್ರೂ ಊರಿದ್ದು ನನ್ನ ಮುಂದೇನೇ ತಾನೆ?

ಅವತ್ತಿಂದ ಇದರ ಕಾಯಿಲೆ ನಾನು ಕಿವೀಲೇ ಹಿಡಿಯೋದು. ನೊರೆ ಎದ್ರೆ ಗೊರ್ ಅನ್ನುತ್ತೆ. ಬಾಟ್ಲಿ ತುಂಬಿದ್ರೆ ಪಂಪಿಗೆ ಉಬ್ಬಸ. ತಟ್ಟೆ ನೆಟ್ಟಗೆ ಕೂರದಿದ್ರೆ ಸೂಜಿ ತಳ ಕೆರೆದು ನನ್ನ ಹಲ್ಲು ಜುಮ್ ಅನ್ನುತ್ತೆ. ಬೇರೆ ಲ್ಯಾಬಿನವರು ಫೋನಲ್ಲಿ ಮಿಷನ್ನಿನ ಸದ್ದು ಕೇಳಿಸಿ ಕಾಯಿಲೆ ಕೇಳ್ತಿದ್ರು. ನೂರಾರು ಜನ... ಇಬ್ಬರು. ಒಬ್ಬ ರಾಂಗ್ ನಂಬರು. ಅವನ ಮನೆ ಮಿಕ್ಸಿ ಕೆಟ್ಟಿತ್ತು, ಅದನ್ನೂ ಹೇಳ್ಕೊಟ್ಟೆ.

ಹಾಂ, ಬುಧವಾರ. ಬರ್ತೀನಿ, ಬರ್ತೀನಿ. ಬುಧವಾರದ ತಟ್ಟೇಲಿ ಸಿ ಸಾಲಿನ ಹನ್ನೆರಡೂ ಕುಳಿ ಬಣ್ಣ ತಿರುಗ್ತು. ಸರಿ ತಪ್ಪು ನೋಡೋಕೆ ಅಂತ ಇಡೋ ಕಂಟ್ರೋಲ್ ಕುಳಿಗಳು ಎ, ಬಿ ಸಾಲಲ್ಲಿದ್ವು. ಅವು ಮುದ್ದಾಗಿ ಬಂದ್ವು, ಯಾರಿಗೂ ಅನುಮಾನ ಬರಲಿಲ್ಲ. ಸಂಜೆಗೆ ರಿಪೋರ್ಟ್ ಹೋಯ್ತು, ಹನ್ನೆರಡು ಮಂದಿಗೆ ಕಾಮಾಲೆ ವೈರಸ್ ಇದೆ ಅಂತ. ಒಂದೇ ದಿನ ಹನ್ನೆರಡು ಮಂದಿಗೆ ಹೇಗೆ ಬಂತು ಅಂತ ಶನಿವಾರ ನಾನು ತಟ್ಟೆ ನಕ್ಷೆ ತಗೊಂಡು ಕೂತು, ಒಬ್ಬೊಬ್ಬರ ಜಾಗ ಗುರುತು ಹಾಕಿ, ಅಡ್ಡಕ್ಕೊಂದು ಗೆರೆ ಎಳೆದೆ...

ಕುರ್ಚಿ ಕಿರ್ ಅಂತು. ಸರಿ. ನೀನು ಎಳೆದೆ. ಗೆರೆ ನೀನೇ ಎಳೆದದ್ದು. ನಾನು ಸ್ಕೇಲು ಕೊಟ್ಟೆ. ಸ್ಕೇಲೂ ನಿಂದೇನಾ? ಹೋಗ್ಲಿ, ನಾನು ಕೋಣೇಲಿದ್ದೆ. ಅದಾದ್ರೂ ಹಾಕ್ಕೋ.

ಮತ್ತೆ ಮಾಡಿದ್ವಿ. ಹನ್ನೆರಡರಲ್ಲಿ ಒಬ್ಬರಿಗೂ ಏನೂ ಇಲ್ಲ. ಅವತ್ತೇ ಎಲ್ರಿಗೂ ಫೋನ್ ಮಾಡಿದೆ ನೀನು. ಮೂರನೇ ಸೂಜೀಲಿ ಉಪ್ಪು ಕಟ್ಟಿತ್ತು, ಅರ್ಧ ಹೀರಿ ಅರ್ಧ ಬಿಡ್ತಿತ್ತು. ತಂತಿ ತಗೊಂಡು ಒಂದೇ ಏಟಿಗೆ ಬಿಡಿಸಿದೆ... ಬೆರಳಿಗೆ ಪಟ್ಟಿಯಾ? ಇದು ಮನೇಲಿ ತರಕಾರಿ ಹೆಚ್ಚುವಾಗ... ಇಲ್ಲ, ಬಿಡು. ಮೂರು ಸಲ ಚುಚ್ಕೊಂಡೆ. ನಾಲ್ಕನೇ ಸಲಕ್ಕೆ ಸೂಜಿ ಸಿಕ್ತು. ನಗು, ಪರವಾಗಿಲ್ಲ, ಅದು ನಗೋ ವಿಷಯಾನೇ.

ಮೂರು ದಿನ ತಾನೆ ಅಂತ ಶನಿವಾರ ಅಂದುಬಿಟ್ಟೆ. ನೀನು ನನ್ನ ಹತ್ರ ಮಾತು ಬಿಟ್ಟದ್ದು ಆಗಲೇ. ಆ ಮಾತು ವಾಪಸ್ ತಗೋತೀನಿ. ಆ ಹನ್ನೆರಡರಲ್ಲಿ ಒಬ್ಬ ದರ್ಜಿ, ನಮ್ಮ ಬಸ್ ಸ್ಟಾಪಿನ ಎದುರು ಅಂಗಡಿ. ನಿನ್ನೆ ಹೋಗಿದ್ದೆ. ಹೋಗಿ ‘ಅಪ್ಪಾ, ತಪ್ಪು ನಮ್ಮದು, ಕ್ಷಮಿಸು’ ಅಂದೆ. ಅವನು ನನ್ನ ತಬ್ಕೊಂಡು ಅತ್ತುಬಿಟ್ಟ. ರಸ್ತೆ ತುಂಬ ಜನ ಸೇರಿ...

ಇಲ್ಲ. ತಬ್ಕೊಳ್ಳಲಿಲ್ಲ. ನಾನು ಯಾರು ಅಂತಾನೇ ಹೇಳಲಿಲ್ಲ ಮಗಳೇ. ಪ್ಯಾಂಟು ಉದ್ದ ಆಯ್ತು, ಒಂದಿಂಚು ಕಮ್ಮಿ ಮಾಡು ಅಂತ ಕೊಟ್ಟೆ. ಅವನೇ ಮಾತು ತೆಗೆದ. ‘ಲ್ಯಾಬಿನವರು ತಪ್ಪು ಮಾಡಿದ್ರಂತೆ ಯಜಮಾನ್ರೇ, ನನಗೇನೂ ಇಲ್ವಂತೆ’ ಅಂದ. ಮೂರು ರಾತ್ರಿ ಅಂಗಡೀಲೇ ಬಟ್ಟೆ ಗಂಟಿನ ಮೇಲೆ ಮಲಗಿದ್ನಂತೆ. ಮಗೂನ ಎತ್ಕೊಳ್ಳಲಿಲ್ಲವಂತೆ. ಹೆಂಡತಿ ಅವನ ಲೋಟ ಬೇರೆ ಇಟ್ಟಿದ್ಲಂತೆ, ಈಗ್ಲೂ ಬೇರೇನೇ ಇದೆಯಂತೆ. ‘ಅವಳಿಗೆ ಕೈ ಬರ್ತಿಲ್ಲ, ಬಿಡಿ, ಬರುತ್ತೆ ನಿಧಾನಕ್ಕೆ’ ಅಂದ. ಇರಿ, ದಾರ ಪೋಣಿಸ್ಕೋತೀನಿ ಅಂದ, ಅಂದು ಬಾಯಿ ಮುಚ್ಚೋದ್ರೊಳಗೆ ಮಿಷನ್ನು ಟಕಟಕ ಶುರು. ಒಂದೇ ಸಲಕ್ಕೆ ಪೋಣಿಸಿದ್ದ. ನಾನು ಅಲ್ಲೇ ನಿಂತುಬಿಟ್ಟೆ... ಅದೇನು ಬೇಡ. ದಾರದ ವಿಷಯ ವರದೀಲಿ ಹಾಕಬೇಡ.

ಏನಂದೆ? ವರದಿ ನಾಲ್ಕಕ್ಕೆ ನಮ್ಮ ದೊಡ್ಡ ಸಾಹೇಬ್ರು, ಆ ಹುಬ್ಬು ಡಾಕ್ಟರ ಮೇಜಿನ ಮೇಲಿರಬೇಕಾ? ಹಂಗಾದ್ರೆ ನನ್ನ ಅರ್ಜೀನೂ ಅದರ ಜೊತೇನೇ ಅವರ ಮುಂದೆ ಹೋಗುತ್ತೆ. ನೀನು ‘ಇಟ್ಕೊಳ್ಳಿ’ ಅಂತ ಬರೆದ್ರೆ ಇರ್ತೀನಿ, ‘ಬೇಡ’ ಅಂತ ಬರೆದ್ರೆ ಮನೆ. ಆ ಮನುಷ್ಯ ಬಾಯಿ ಬಿಡಲ್ಲ, ಹುಬ್ಬಲ್ಲೇ ಆಡಳಿತ. ಎಡಗಡೇದು ಎತ್ತಿದ್ರೆ ರಜೆ ಇಲ್ಲ, ಎರಡೂ ಎತ್ತಿದ್ರೆ ಕೆಲಸಾನೇ ಇಲ್ಲ. ಈಗೀಗ ಅವರ ಹುಬ್ಬು ಏನು ಹೇಳುತ್ತೋ ತಿಳಿಯೋದೇ ಇಲ್ಲ. ವಯಸ್ಸಾಯ್ತು ಪಾಪ, ಹುಬ್ಬು ಉದುರಿರಬೇಕು.

ಮನೇಗೆ ಹೋಗಿ ಏನು ಮಾಡ್ಲಿ? ನಿನ್ನ ದೊಡ್ಡಮ್ಮನ್ನೇ ಕೇಳು. ರಿಟೈರಾದ ಮೊದಲ ತಿಂಗಳು ಮನೇಲಿದ್ದೆ. ಅಡುಗೆಮನೆ ಡಬ್ಬಿಗಳಿಗೆಲ್ಲ ತಾರೀಖು ಬರೆದು ಚೀಟಿ ಅಂಟಿಸಿದೆ. ಅವಳು ಲೋಟ ತೊಳೆದಿಟ್ರೆ ಬೆಳಕಿಗೆ ಹಿಡಿದು ‘ಇದು ಫೇಲು’ ಅಂತ ವಾಪಸ್ ಸಿಂಕಿಗೆ ಹಾಕ್ತಿದ್ದೆ. ನನ್ನ ಮೊದಲನೇ ಅರ್ಜಿ ಬರೆದುಕೊಟ್ಟದ್ದು ಅವಳು. ಅಕ್ಷರ ನೋಡು ಬೇಕಾದ್ರೆ, ಫೈಲಲ್ಲಿದೆ.

ಸರಿ, ಸರಿ, ನಿನ್ನ ಪ್ರಶ್ನೆ. ಬೆಳಗ್ಗೆ ಎಂಟಕ್ಕೆ ‘ಎಲ್ಲಾ ಸರಿ’ ಇದ್ದ ಸೂಜಿ, ಹತ್ತು ಗಂಟೆಗೆ ರೋಗಿಗಳ ತಟ್ಟೆ ತೊಳೆಯೋ ಹೊತ್ತಿಗೆ ಹೇಗೆ ಕಟ್ಕೊಳ್ತು? ಕರೆಂಟು. ಎಂಟೂಕಾಲಿಗೆ ಕರೆಂಟು ಹೋಯ್ತು, ಪಂಪು ನಿಂತು... ಹೋಗಿಲ್ವಾ? ಕೆಳಗಿನ ಫ್ರಿಜ್ಜಿನ ಟೆಂಪರೇಚರ್ ಚಾರ್ಟಲ್ಲಿ ಗೆರೆ ನೆಟ್ಟಗಿದೆಯಾ. ನೋಡ್ಕೊಂಡೇ ಬಂದಿದ್ದೀಯ. ಹಂಗಾದ್ರೆ ಧೂಳು. ಫ್ಯಾನು ಜೋರಾಗಿ... ಈ ಕೋಣೇಲಿ ಫ್ಯಾನಿಲ್ಲ, ನಿಜ. ಜಿರಳೆ ಅಂದ್ರೆ ನಂಬ್ತೀಯಾ? ನಂಬಬೇಡ. ಅಷ್ಟು ಸಣ್ಣ ತೂತಿಗೆ ಜಿರಳೆ ಹೇಗೆ ಹೋಗುತ್ತೆ ಅಂತ ನನಗೂ ಹೇಳಿದ ಮೇಲೆ ಹೊಳೀತು.

ಆಯ್ತು. ನಿಜ ಹೇಳ್ತೀನಿ. ಮಂಗಳವಾರ ಸಂಜೆ ಬರೀ ನೀರು ಹಾಯಿಸೋದು ಮರ್ತೆ. ನಾನೇ. ಬಸ್ಸಿನ ಹಾರ್ನು ಕೇಳಿಸ್ತು, ಓಡಿದೆ. ಬರ್ಕೋ ಅದನ್ನ, ದಪ್ಪ ಅಕ್ಷರದಲ್ಲಿ ಬರ್ಕೋ. ಮುದುಕ ಮರೆತ. ಮರೆವಿಗೆ ಔಷಧ ಇದೆ, ಗೋಡೆ ಮೇಲೊಂದು ಚೀಟಿ ಅಂಟಿಸಿದ್ರೆ ಮುಗೀತು. ಹುಬ್ಬು ಡಾಕ್ಟರೂ ಅಷ್ಟಕ್ಕೆ ಒಪ್ಪಿಬಿಡ್ತಾರೆ.

ಏನು?

...ಓಹೋ. ಸಂಜೇನೇ ತೊಳೀಲಿಲ್ಲ ಅಂದ್ರೆ, ಬೆಳಗ್ಗೆ ಎಂಟಕ್ಕೇ ಸೂಜಿ ಕಟ್ಟಿತ್ತು ಅಂತಾಗುತ್ತೆ. ಸಿ ಸಾಲಲ್ಲಿ ಹಳದಿ ಉಳಿದಿರಲೇಬೇಕು ಅಂತಾಗುತ್ತೆ. ಒಂದಲ್ಲ, ಹನ್ನೆರಡು ಕುಳೀಲೂ. ನನ್ನ ಬಾಯಿಂದಾನೇ ಹೇಳಿಸಿದೆ ನೋಡು. ಮಗ್ಗಿ ಅಲ್ಲ, ಬೇರೆ ಏನೋ ಕಲಿಸಿದ್ದೀನಿ ನಿನಗೆ.

ಕಿವೀಲಿ ಹಿಡಿಯೋನು ಅವತ್ತು ಯಾಕೆ ಹಿಡೀಲಿಲ್ಲ ಅಂದ್ಯಾ? ಪೂರ್ತಿ ಕಟ್ಟಿದ ಸೂಜಿ ಸಿಳ್ಳೆ ಹಾಕುತ್ತೆ ಮಗಳೇ. ಅರ್ಧ ಕಟ್ಟಿದ್ದು ಸದ್ದೇ ಮಾಡಲ್ಲ. ಅದನ್ನ... ಅದನ್ನ ನೋಡೇ ಹಿಡೀಬೇಕು.

ಹಂಗಾದ್ರೆ ಹೀಗೆ ಬರಿ. ನಾನು ಬುಧವಾರ ಪರೀಕ್ಷೆ ಮಾಡ್ಲೇ ಇಲ್ಲ. ಸೋಮಾರಿ. ಬಂದೆ, ಕೂತೆ, ಸುಮ್ನೆ ಕಳ್ಳಸಹಿ ಹಾಕಿದೆ. ಬರಿ ಅಂತಿದ್ದೀನಲ್ಲ. ಒಂದು ತಿಂಗಳು ಹೊರಗೆ ಹಾಕಿ, ಬುದ್ಧಿ ಬರ್ಲಿ ಅಂತ ವಾಪಸ್ ಕರ್ಕೊಳ್ಳಿ. ಕಳ್ಳರಿಗೆ ಬುದ್ಧಿ ಬರೋದುಂಟು.

ಅದನ್ನೂ ಬರೆಯಲ್ವಾ? ಮಿಷನ್ನಿನ ನೆನಪಲ್ಲಿದೆಯಾ? ಬುಧವಾರ ಎಂಟು ಐದಕ್ಕೆ ಒಂದು ತಟ್ಟೆ ಪೂರ್ತಿ ತೊಳೆದದ್ದು ದಾಖಲಾಗಿದೆ ಅಂತೀಯ. ಇಷ್ಟು ವರ್ಷ ಸೂಜಿ ತೊಳೆದು, ಮುಚ್ಚಳ ಬಿಗಿ ಮಾಡಿ ಸಾಕಿದೆನಲ್ಲ, ಒಂದು ಸುಳ್ಳಿಗೆ ಆಸರೆ ಆಗಬಾರದಾ ಇದು.

ಒಂದು ಮಾತು ಕೇಳು. ಇನ್ಮೇಲೆ ಹಳದಿ ಬೇಡ, ತೂಕ ಮಾಡೋಣ. ಒಣ ತಟ್ಟೆ ತೂಕ, ತೊಳೆದ ತಟ್ಟೆ ತೂಕ. ವ್ಯತ್ಯಾಸ ಬಂದಷ್ಟು ನೀರು ಒಳಗೆ ಉಳಿದಿದೆ. ಹೊಸ ತಕ್ಕಡಿ ಅಂಕಿ ಎಷ್ಟು ದೊಡ್ಡದಾಗಿದೆ, ಕೆಂಪಗೆ, ಹೆಬ್ಬೆಟ್ಟಿನ ಗಾತ್ರ. ಕೋಣೆ ಬಾಗಿಲಿಂದಾನೇ ಓದಬಹುದು. ನಾನು ದಿನಾ ತೂಗ್ತೀನಿ. ದಿನಕ್ಕೆರಡು ಸಲ ಬೇಕಾದ್ರೂ...

ಎಲ್ಲಿಗೆ ಹೊರಟೆ? ನಾನಿನ್ನೂ ಮಾತಾಡ್ತಿದ್ದೀನಿ. ಬಾಗಿಲು ಹಾಕ್ಕೊಂಡೇ ಹೋದ್ಲು. ಅಪ್ಪನ ಹಾಗೇ, ಬಾಗಿಲಿನ ಮೇಲೆ ಸಿಟ್ಟು.

...

ಬಂದೆಯಾ. ಏನದು? ತಟ್ಟೆ. ಗೊತ್ತಾಯ್ತು, ಮೇಜಿನ ಮೇಲಿಟ್ಟ ಸದ್ದಿಗೇ ಗೊತ್ತಾಯ್ತು. ಪಕ್ಕದ ಕೋಣೆ ವಾಷರಲ್ಲಿ ತೊಳೆದದ್ದಾ? ಹ್ಞೂಂ, ಬಿಳೀ ಕಾಗದ ಬೇರೆ ಹಾಸಿದ್ದೀಯ. ಹಳದಿ ಪರೀಕ್ಷೆ. ಎಷ್ಟು ಉಳಿದಿದೆ ಅಂತ ನಾನು ನೋಡಿ ಹೇಳಬೇಕಾ? ಆಹಾ, ದೊಡ್ಡಪ್ಪಂಗೇ ಪರೀಕ್ಷೆ. ನಿನಗೆ ಹಲ್ಲು ಬರದ ಕಾಲದಿಂದ ನಾನು ಇದನ್ನ ನೋಡ್ತಿದ್ದೀನಿ.

ಎತ್ತಬಾರದಾ? ಬಗ್ಗಿ ನೋಡಬೇಕಾ? ಆಗ್ಲಿ. ಕನ್ನಡಕ ಒರೆಸ್ಕೊಳ್ಳಲಾ? ಬೇಡ, ಬೇಕಿಲ್ಲ. ಇಷ್ಟಕ್ಕೆಲ್ಲ ಒರೆಸೋದೇನು.

ಎ ಸಾಲು, ಒಣ. ಬಿ ಸಾಲು, ಒಣ, ಚೊಕ್ಕಟ. ಸಿ... ಇರು, ಇರು. ಸಿ ಸಾಲಲ್ಲಿ ಏಳನೇ ಕುಳಿ, ಅಂಚಿಗೆ ಅಂಟಿ, ಸಾಸಿವೆ ಕಾಳಿನ ಅರ್ಧದಷ್ಟು ಹಳದಿ. ಕಂಡಿತಾ? ನಿನಗೆ ಕಂಡಿರಲಿಕ್ಕಿಲ್ಲ. ಇದು ಅಭ್ಯಾಸ ಇರೋ ಕಣ್ಣಿಗೆ ಮಾತ್ರ. ಡಿ, ಒಣ. ಇ, ಎಫ್, ಜಿ, ಒಣ, ಒಣ, ಒಣ. ಎಚ್, ಒಣ. ಬರ್ಕೋ, ಸಿ ಸಾಲು ಏಳನೇದು, ಒಂದು ಚೂರು. ಉಳಿದದ್ದೆಲ್ಲ ಮರಳುಗಾಡು.

ಬರೀತಿಲ್ಲ.

ಪೆನ್ನೆಲ್ಲಿ ನಿಂದು? ಟಕ್ ಟಕ್ ಕೂಡ ಇಲ್ಲ.

ಎಂಟನೇದು ಇರಬಹುದು. ಏಳೂ ಎಂಟೂ ಅಕ್ಕಪಕ್ಕ, ಅದೇನು ದೊಡ್ಡ ವಿಷಯ ಅಲ್ಲ... ಡಿ ಸಾಲಲ್ಲೂ ಒಂದು ಇರಬಹುದು, ಈಗ ಇನ್ನೊಂದು ಸಲ ನೋಡಿದ್ರೆ. ಎಷ್ಟಿದೆ ನೀನೇ ಹೇಳು. ಅಷ್ಟೇ ನಾನೂ ಕಂಡದ್ದು.

ಮಗಳೇ. ಏನಾದ್ರೂ ಅನ್ನು.

ಯಾಕೆ ಕೈ ಹಿಡ್ಕೊಂಡೆ? ಬಿಡು... ಪಟ್ಟಿ ಕಟ್ಟಿದ್ದು ಬೇಡ, ಈ ಬೆರಳಾ? ಎಲ್ಲಿಗೆ...

ಒದ್ದೆ.

ಎ ಸಾಲಾ ಇದು? ...ಇದೂ ಒದ್ದೆ. ಇದೂ. ಅಂಚಿನ ತನಕ ತುಂಬಿದೆ. ತೊಳೆದದ್ದೇ ಅಲ್ವಾ ಇದು. ಬಣ್ಣ ತುಂಬಿಸಿ ಹಾಗೇ ತಂದು ಇಟ್ಟೆಯಾ ನನ್ನ ಮುಂದೆ.

ತೊಂಬತ್ತಾರೂ, ಮಗಳೇ?